ಮಳೆಗಾಲದ ಕೊಡಗಿನಲ್ಲಿ ವಿಆರ್ ಹೆಡ್‌ಸೆಟ್ ಹಾಕಿಕೊಂಡು ಮನೆಯಲ್ಲೇ ವ್ಯಾಯಾಮ: ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಬೆಳಗಿನ ನಡಿಗೆಗೆ ರಜೆ. ಮಡಿಕೇರಿಯ ಮಂಜಿನಲ್ಲಿ ಎದುರಿನ ಜೀಪು ತೀರಾ ಹತ್ತಿರ ಬರುವವರೆಗೆ ಕಾಣುವುದಿಲ್ಲ. ತೋಟದ ದಾರಿಗಿಳಿದರೆ ಕಾಲ ತುಂಬ ಜಿಗಣೆ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳಲ್ಲಂತೂ ಮಳೆ ಇರಲಿ ಬಿಡಲಿ, ನಸುಕಿನಲ್ಲಿ ಆನೆಯ ಭಯ. ಕಕ್ಕಡ ಎಂಬ ಜಡಿಮಳೆಯ ತಿಂಗಳು ಕಳೆದು ಕೈಲ್ ಮುಹೂರ್ತದ ಹಬ್ಬ ಬರುವ ಹೊತ್ತಿಗೆ ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ಕೂತು ದುಡಿಯುವವರ ಮೈ ಭಾರವಾಗಿರುತ್ತದೆ, ಮೊಣಕಾಲು ಬಿಗಿದಿರುತ್ತದೆ. ಈ ಮೂರು ನಾಲ್ಕು ತಿಂಗಳ ಮಟ್ಟಿಗೆ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರ್ ಸೃಷ್ಟಿಸಿದ ಲೋಕವನ್ನು ತೋರಿಸುವ ವಿಆರ್ ಹೆಡ್‌ಸೆಟ್ ನಿಜಕ್ಕೂ ಒಳ್ಳೆಯ ದಾರಿ ಎಂದು ನಾನು ನಂಬಿದ್ದೇನೆ. ಆದರೆ ಈ ಯಂತ್ರ ರೂಪುಗೊಂಡಿದ್ದು ಒಣ ಕೋಣೆಗೆ, ನಿಲ್ಲದ ಕರೆಂಟಿಗೆ, ಖಾಲಿ ನೆಲಕ್ಕೆ. ನಮ್ಮಲ್ಲಿ ಆ ಮೂರೂ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಯಾವ ಆಟ ಆಡಬೇಕು ಎನ್ನುವುದಕ್ಕಿಂತ ಮೊದಲು ನೆಲ, ಬೆಳಕು, ತೇವ ಇವುಗಳ ವ್ಯವಸ್ಥೆ ಆಗಬೇಕು.

ಮೊದಲು ವೈದ್ಯರ ಮಾತು

ಅಪಸ್ಮಾರ ಇರುವವರು, ಮಿನುಗುವ ಬೆಳಕಿಗೆ ಎಂದಾದರೂ ಪ್ರಜ್ಞೆ ತಪ್ಪಿದವರು ವೈದ್ಯರನ್ನು ಕೇಳದೆ ಹೆಡ್‌ಸೆಟ್ ಹಾಕಿಕೊಳ್ಳಲೇಬಾರದು. ಪೇಸ್‌ಮೇಕರ್ ಅಥವಾ ಕಿವಿಯೊಳಗಿನ ಶ್ರವಣ ಸಾಧನ ಇರುವವರೂ ಹಾಗೆಯೇ. ಹೆಡ್‌ಸೆಟ್ ಮತ್ತು ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳಲ್ಲಿರುವ ಅಯಸ್ಕಾಂತ, ರೇಡಿಯೋ ತರಂಗಗಳು ಇಂಥ ಸಾಧನಗಳಿಗೆ ಅಡ್ಡಿಯಾಗಬಹುದು. ಗರ್ಭಿಣಿಯರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಆಗಾಗ ತಲೆಸುತ್ತು ಬರುವವರು ಕೂಡ ಮೊದಲು ಕೇಳಿಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಕೈಗೆಟುಕುವಲ್ಲಿ ಬೆಲ್ಲವನ್ನೋ ಗ್ಲೂಕೋಸನ್ನೋ ಇಟ್ಟುಕೊಳ್ಳಬೇಕು. ಆಟದ ಗುಂಗಿನಲ್ಲಿ ಸಕ್ಕರೆಯಂಶ ಇಳಿಯುವ ಲಕ್ಷಣಗಳು ಬರಿಯ ಬೆವರು, ಸುಸ್ತು ಎಂದೇ ತೋರುತ್ತವೆ.

ಮಕ್ಕಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್‌ಗಳು 10 ವರ್ಷಕ್ಕಿಂತ ಚಿಕ್ಕ ಮಕ್ಕಳಿಗಲ್ಲ. 10ರಿಂದ 12 ವರ್ಷದವರು ಹೆತ್ತವರ ಹತೋಟಿಯಲ್ಲಿರುವ ಖಾತೆಯಲ್ಲಿ ಮಾತ್ರ ಬಳಸಬಹುದು. ರಜೆಯಲ್ಲಿ ನೆಂಟರ ಮಕ್ಕಳು ಬಂದಾಗ ಹೆಡ್‌ಸೆಟ್ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ ಹೋಗುವುದನ್ನು ತಡೆಯುವುದು ಕಷ್ಟ. ಕಪಾಟಿಗೆ ಬೀಗ ಹಾಕುವುದು ಸುಲಭ.

ಯಾವ ಹೆಡ್‌ಸೆಟ್?

ವ್ಯಾಯಾಮಕ್ಕೆ ವೈರ್ ಇಲ್ಲದ, ಕಂಪ್ಯೂಟರಿನ ಹಂಗಿಲ್ಲದ ಹೆಡ್‌ಸೆಟ್ಟೇ ಬೇಕು. ವೈರ್ ಎಳೆದುಕೊಂಡು ಕುಣಿಯಲಾಗದು. ಮೊಬೈಲನ್ನು ಒಳಗೆ ಸಿಕ್ಕಿಸಿ ನೋಡುವ ಅಗ್ಗದ ಪೆಟ್ಟಿಗೆಗಳು ವಿಡಿಯೋ ನೋಡಲು ಆದೀತು, ವ್ಯಾಯಾಮಕ್ಕೆ ಆಗದು; ನೀವು ಎಲ್ಲಿ ನಿಂತಿದ್ದೀರಿ, ಕೈ ಎಲ್ಲಿದೆ ಎಂಬುದು ಅವಕ್ಕೆ ತಿಳಿಯುವುದಿಲ್ಲ.

ಹೆಚ್ಚು ಜನ ಕೊಳ್ಳುವುದು 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3, ಇಲ್ಲವೇ 2024ರಲ್ಲಿ ಬಂದ ಕ್ವೆಸ್ಟ್ 3ಎಸ್. ಎರಡರ ತೂಕವೂ ಹತ್ತಿರ ಹತ್ತಿರ 515 ಗ್ರಾಂ. ಎರಡರಲ್ಲೂ ಇರುವುದು ಒಂದೇ ಚಿಪ್. ಕ್ವೆಸ್ಟ್ 3ರ ಲೆನ್ಸ್ ಉತ್ತಮ, ಚಿತ್ರ ಇನ್ನಷ್ಟು ಸ್ಪಷ್ಟ. 3ಎಸ್‌ನ ಬೆಲೆ ಕಡಿಮೆ. ಬರೀ ವ್ಯಾಯಾಮಕ್ಕಾದರೆ 3ಎಸ್ ಧಾರಾಳ ಸಾಕು, ಉಳಿದ ಹಣವನ್ನು ಒಳ್ಳೆಯ ತಲೆಪಟ್ಟಿ, ಮುಖಕ್ಕೆ ತಾಗುವ ಭಾಗಕ್ಕೆ ಸಿಲಿಕೋನ್ ಹೊದಿಕೆ ಮತ್ತು ತೇವ ತಾಗದಂತೆ ಎತ್ತಿಡುವ ಒಣ ಡಬ್ಬಿಗೆ ಹಾಕಿ. ಒಂದು ವಿಷಯವನ್ನು ಮಾತ್ರ ಕೊಳ್ಳುವ ಮೊದಲೇ ನೋಡಬೇಕು: ಎರಡು ಕಣ್ಣುಗಳ ನಡುವಿನ ಅಂತರ. ಕ್ವೆಸ್ಟ್ 3ರಲ್ಲಿ ಇದನ್ನು ಚಕ್ರ ತಿರುಗಿಸಿ ಬೇಕಾದಷ್ಟಕ್ಕೆ ಹೊಂದಿಸಬಹುದು. 3ಎಸ್‌ನಲ್ಲಿ 58, 63, 68 ಮಿಲಿಮೀಟರ್ ಎಂಬ ಮೂರೇ ನಿಲುಗಡೆಗಳು. ನಿಮ್ಮ ಅಂತರ ಎಷ್ಟೆಂದು ಕನ್ನಡಕದ ಅಂಗಡಿಯಲ್ಲಿ ಅಳೆದು ಹೇಳುತ್ತಾರೆ. ಅದು ಈ ಮೂರರ ಹತ್ತಿರ ಬರದಿದ್ದರೆ ತಲೆನೋವು ಬರಬಹುದು.

ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮಾರುವವರ ಬಳಿ ಬರೆಸಿಕೊಳ್ಳಿ. ವಿದೇಶದಿಂದ ತರಿಸಿದ ಹೆಡ್‌ಸೆಟ್ ಕೆಟ್ಟರೆ ರಿಪೇರಿಗೆ ಮಡಿಕೇರಿಯಿಂದ ಮೈಸೂರಿಗೆ ಹೋದರೂ ಬಗೆಹರಿಯದಿರಬಹುದು.

ಕೋಣೆ ಮತ್ತು ನೆಲ

ಕನಿಷ್ಠ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಖಾಲಿ ಜಾಗ ಬೇಕು. ಬಾಕ್ಸಿಂಗ್ ಮಾಡುವುದಾದರೆ ಇನ್ನೂ ಒಂದು ಹೆಜ್ಜೆ ಹೆಚ್ಚು. ನಡುವೆ ನಿಂತು ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ತಲೆಯ ಮೇಲೆ ಚಾಚಿ, ನಿಧಾನವಾಗಿ ಒಂದು ಸುತ್ತು ತಿರುಗಿ. ಹಳೆಯ ಹೆಂಚಿನ ಮನೆಗಳಲ್ಲಿ ತೊಲೆ ತಗ್ಗಾಗಿರುತ್ತದೆ. ತೊಲೆಗೋ ಬಲ್ಬಿಗೋ ಕೈ ತಾಗಿದರೆ ಆ ಕೋಣೆ ಬೇಡ. ಐನ್‌ಮನೆಯ (ಕುಲದ ಮೂಲ ಮನೆಯ) ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆ ವಿಶಾಲವಾಗಿದೆ ಎಂದು ಅಲ್ಲಿ ಶುರು ಮಾಡಬೇಡಿ. ಅಲ್ಲಿ ತೂಗುವ ದೀಪ ಹಿರಿಯರ ನೆನಪಿನದು, ಅದರ ಕೆಳಗೆ ಕೈಬೀಸಿ ಗುದ್ದಾಡುವುದು ಸರಿಯಲ್ಲ. ಗೋಡೆಯಲ್ಲಿ ಕೋವಿ, ಹಾಕಿ ಆಟದ ಕಪ್ಪುಗಳ ಶೆಲ್ಫು ಇರುವ ಬದಿಗೂ ಬೆನ್ನು ಹಾಕಿ ನಿಲ್ಲಬೇಡಿ.

ನಮ್ಮ ಮನೆಗಳಲ್ಲಿ ಮಳೆಗಾಲದ ಇನ್ನೊಂದು ಅಪಾಯ ಬಟ್ಟೆಯ ಹಗ್ಗ. ಹೊರಗೆ ಒಣಗದ ಬಟ್ಟೆ ಹಾಲಿಗೆ ಬರುತ್ತದೆ. ಕಿಟಕಿಯ ಸರಳಿನಿಂದ ಬಾಗಿಲ ಮೊಳೆಯವರೆಗೆ, ಸರಿಯಾಗಿ ಕತ್ತಿನ ಎತ್ತರಕ್ಕೆ, ಒಂದು ನೈಲಾನ್ ಹಗ್ಗ. ಹೆಡ್‌ಸೆಟ್ ನೀವು ಒಮ್ಮೆ ಗುರುತಿಸಿಕೊಟ್ಟ ಆಟದ ಜಾಗದ ಗಡಿಯನ್ನು ನೆನಪಿಟ್ಟುಕೊಳ್ಳುತ್ತದೆ, ನಿನ್ನೆ ಸಂಜೆ ಯಾರೋ ಕಟ್ಟಿದ ಹಗ್ಗವನ್ನಲ್ಲ. ಗಡಿಯೊಳಗೆ ತಂದಿಟ್ಟ ಸ್ಟೂಲನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆಂದು ನಂಬಿ ಕೂರಬಾರದು. ಆದ್ದರಿಂದ ಪ್ರತಿ ಬಾರಿಯೂ ಹೆಡ್‌ಸೆಟ್ ಹಾಕುವ ಮೊದಲು ಬರಿಗಣ್ಣಿನಲ್ಲಿ ಕೋಣೆಯನ್ನು ಒಂದು ಸುತ್ತು ಹಾಕಿ, ಕೈಯನ್ನು ಕತ್ತಿನ ಮಟ್ಟಕ್ಕೆ ಎತ್ತಿ ನಡೆಯಿರಿ. ನಾಯಿಯನ್ನು ಹೊರಗೆ ಬಿಟ್ಟು ಬಾಗಿಲು ಹಾಕಿ, ಚಿಲಕ ಮಾತ್ರ ಹಾಕಬೇಡಿ. ಬಿದ್ದರೆ ಯಾರಾದರೂ ಒಳಗೆ ಬರುವಂತಿರಬೇಕು.

ಕೆಂಪು ಕಾವಿಯ ನೆಲ ಮಳೆಗಾಲದಲ್ಲಿ ತೇವ ಒಸರುತ್ತದೆ. ಅದರ ಮೇಲೆ ಕಾಲುಚೀಲ ಹಾಕಿಕೊಂಡು ಪಕ್ಕಕ್ಕೆ ಜಿಗಿಯುವುದೆಂದರೆ ಸೊಂಟ ಮುರಿದುಕೊಳ್ಳುವ ದಾರಿ. ಒಣಬಟ್ಟೆಯಲ್ಲಿ ಒರೆಸಿ, ಅಡಿಗೆ ರಬ್ಬರ್ ಇರುವ, ಜಾರದ ಚಾಪೆ ಹಾಸಿ, ಅಡಿ ಸವೆಯದ ಶೂ ಹಾಕಿಕೊಳ್ಳಿ. ಚಾಪೆ ತೆಳುವಾಗಿರಲಿ, ಯೋಗದ ದಪ್ಪ ಮ್ಯಾಟಿನಲ್ಲಿ ಪಾದ ಹೊರಳುತ್ತದೆ. ಚಾಪೆಯಿಂದ ಇನ್ನೊಂದು ಉಪಕಾರವಿದೆ: ಅಂಚು ಕಾಲಿಗೆ ತಾಗಿದ ಕೂಡಲೇ ನೀವು ನಡುವಿನಿಂದ ಸರಿದಿದ್ದೀರಿ ಎಂದು ಗೊತ್ತಾಗುತ್ತದೆ. ಆಟದಲ್ಲಿ ಮುಳುಗಿದವರು ಅರಿವಿಲ್ಲದೆ ಮುಂದೆ ಮುಂದೆ ಹೋಗುತ್ತಾರೆ.

ಬೆಳಕು, ಬಿಸಿಲು, ಕರೆಂಟು

ಹೆಡ್‌ಸೆಟ್‌ನ ಹೊರಗಿನ ಕ್ಯಾಮೆರಾಗಳು ಕೋಣೆಯನ್ನು ನೋಡಿಯೇ ನಿಮ್ಮ ಜಾಗವನ್ನು ತಿಳಿಯುವುದು. ಮೋಡ ಕವಿದ ಕತ್ತಲೆಯ ಕೋಣೆಯಲ್ಲಿ, ಏನೂ ಇಲ್ಲದ ಬಿಳಿಗೋಡೆಯ ಎದುರು, ದೊಡ್ಡ ಕನ್ನಡಿಯ ಮುಂದೆ ಅವು ತಡವರಿಸಬಹುದು. ಒಂದು ಒಳ್ಳೆಯ ಎಲ್‌ಇಡಿ ಬಲ್ಬು ಉರಿಯುತ್ತಿರಲಿ, ಕನ್ನಡಿಗೆ ಬಟ್ಟೆ ಹೊದಿಸಿ, ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ.

ಆಟದ ನಡುವೆ ಕರೆಂಟು ಹೋಯಿತೆಂದುಕೊಳ್ಳಿ. ಹೆಡ್‌ಸೆಟ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ, ಆದರೆ ಕೋಣೆ ಕತ್ತಲಾಗಿ ಅದಕ್ಕೆ ದಿಕ್ಕು ತಪ್ಪಬಹುದು, ಎದುರಿನ ಚಿತ್ರ ತೇಲಿಹೋಗಬಹುದು. ಕತ್ತಲಲ್ಲಿ ಹುಡುಕಾಡಬೇಡಿ, ನಿಂತಲ್ಲೇ ನಿಂತು ಕೈ ಇಳಿಸಿ, ಹೆಡ್‌ಸೆಟ್ ಎತ್ತಿ. ಕರೆಂಟು ಹೋದಾಗ ತಾನಾಗಿ ಹತ್ತುವ ಎಮರ್ಜೆನ್ಸಿ ದೀಪ ಆ ಕೋಣೆಯಲ್ಲಿ ಇದ್ದರೆ, ಅಥವಾ ಅಲ್ಲಿನ ಒಂದು ಬಲ್ಬು ಇನ್ವರ್ಟರ್ ಲೈನಿನಲ್ಲಿದ್ದರೆ ಈ ತೊಂದರೆಯೇ ಇಲ್ಲ.

ಬಿಸಿಲಿನ ವಿಷಯ ಇದಕ್ಕಿಂತ ಗಂಭೀರ. ಲೆನ್ಸಿನ ಮೇಲೆ ನೇರ ಬಿಸಿಲು ಬಿದ್ದರೆ ಅದು ಒಳಗಿನ ಪರದೆಯ ಮೇಲೆ ಒಂದೆಡೆ ಕೇಂದ್ರೀಕರಿಸಿ, ಸ್ವಲ್ಪ ಹೊತ್ತಿನಲ್ಲೇ ಮಾಸದ ಕಲೆ ಸುಟ್ಟುಬಿಡುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ದಿನ ಕಂಬಳಿ, ಹಾಸಿಗೆಗಳ ಜೊತೆ ಹೆಡ್‌ಸೆಟ್ಟನ್ನೂ ಕಾಫಿ ಕಣದಲ್ಲೋ ಜಗಲಿಯಲ್ಲೋ ಒಣಗಲು ಇಡುವ ಮನಸ್ಸಾಗುತ್ತದೆ. ದಯವಿಟ್ಟು ಇಡಬೇಡಿ. ಕಿಟಕಿಯ ಪಕ್ಕದ ಮೇಜೂ ಬೇಡ.

ಚಾರ್ಜಿನ ಲೆಕ್ಕ ಸರಳ: ಒಮ್ಮೆ ತುಂಬಿದರೆ ಸುಮಾರು ಎರಡು ಗಂಟೆ ಬರುತ್ತದೆ, ದಿನಕ್ಕೆ ಅರ್ಧ ಗಂಟೆಯ ವ್ಯಾಯಾಮಕ್ಕೆ ಇದು ಹೆಚ್ಚೇ. ಕರೆಂಟು ಇದ್ದಾಗ ತುಂಬಿಸಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಟಿವಿಯ ಪ್ಲಗ್ ಕೀಳುವಾಗ ಚಾರ್ಜರನ್ನೂ ಕೀಳಿ. ಆಟ ಮತ್ತು ಅಪ್‌ಡೇಟ್‌ಗಳು ಗಾತ್ರದಲ್ಲಿ ದೊಡ್ಡವು; ತೋಟದ ಮನೆಯ ದುರ್ಬಲ ನೆಟ್‌ವರ್ಕಿನಲ್ಲಿ ಅವನ್ನು ಇಳಿಸಲು ಕೂರುವ ಬದಲು ವೇಗದ ವೈಫೈ ಇರುವ ಪೇಟೆಯ ನೆಂಟರ ಮನೆಗೆ ಹೆಡ್‌ಸೆಟ್ ಒಯ್ದು ಮಳೆಗಾಲಕ್ಕೆ ಮುಂಚೆಯೇ ಇಳಿಸಿಕೊಂಡು ಬನ್ನಿ.

ತಲೆಗೆ ಹೊಂದಿಸುವುದು

ಹೆಡ್‌ಸೆಟ್ ಮೂಗಿನ ಮೇಲೆ ಕೂರಬಾರದು. ಹಿಂದಿನ ಪಟ್ಟಿ ತಲೆಬುರುಡೆಯ ಹಿಂಬದಿಯ ಉಬ್ಬಿನ ಕೆಳಗೆ ಕುಳಿತು, ಮೇಲಿನ ಪಟ್ಟಿ ಭಾರ ಹೊರಬೇಕು. ಪಕ್ಕದ ಪಟ್ಟಿ ಅಲುಗಾಡದಷ್ಟು ಬಿಗಿಯಾಗಿದ್ದರೆ ಸಾಕು. ಕೆನ್ನೆಯಲ್ಲಿ ಕೆಂಪು ಗೆರೆ ಉಳಿದರೆ ಅತಿ ಬಿಗಿಯಾಗಿದೆ ಎಂದರ್ಥ. ಹಿಂದೆ ಬ್ಯಾಟರಿ ಇರುವ ಪಟ್ಟಿ ಹಾಕಿಸಿದರೆ ತೂಕ ಮುಂದೆ ಹಿಂದೆ ಹಂಚಿಹೋಗಿ ಕುತ್ತಿಗೆಗೆ ಸುಖ. ಕನ್ನಡಕ ಇರುವವರು ಲೆನ್ಸಿಗೆ ಕನ್ನಡಕ ಉಜ್ಜದಂತೆ ಅಂತರವನ್ನು ಹೆಚ್ಚಿಸಿಕೊಳ್ಳಬೇಕು. ದಿನಾ ಬಳಸುವುದಾದರೆ ನಂಬರಿಗೆ ತಕ್ಕ ಒಳಲೆನ್ಸ್ ಮಾಡಿಸುವುದೇ ಲೇಸು.

ಚಳಿಯ ಬೆಳಗ್ಗೆ ಹಾಕಿದ ಕೂಡಲೇ ಲೆನ್ಸ್ ಮಬ್ಬಾಗುವುದು ಇಲ್ಲಿ ಎಲ್ಲರ ದೂರು. ತಣ್ಣಗಿನ ಲೆನ್ಸಿಗೆ ಮುಖದ ಬಿಸಿ ಉಸಿರು ತಾಗಿ ಹನಿಗಟ್ಟುತ್ತದೆ, ಬೇರೇನಿಲ್ಲ. ಹೆಡ್‌ಸೆಟ್ಟನ್ನು ಹತ್ತು ನಿಮಿಷ ಮೊದಲೇ ಆನ್ ಮಾಡಿಟ್ಟರೆ ಬೆಚ್ಚಗಾಗಿ ಮಬ್ಬು ತಾನೇ ಹೋಗುತ್ತದೆ. ಒಲೆಯ ಬಳಿ ಕಾಯಿಸಬೇಡಿ.

ಕಂಟ್ರೋಲರಿನ ಮಣಿಕಟ್ಟಿನ ದಾರ ಕಡ್ಡಾಯ. ಬೆವರಿದ ಕೈಯಿಂದ ಜಾರಿದ ಕಂಟ್ರೋಲರ್ ನೇರ ಟಿವಿಗೆ ಹೋಗುತ್ತದೆ.

ಯಾವ ಆಟ, ಎಷ್ಟು ಹೊತ್ತು

ಮೊದಲ ವಾರ ನೀವು ನಿಂತ ಜಾಗದಲ್ಲೇ ಇರುವ ಆಟಗಳನ್ನು ಮಾತ್ರ ಆಡಿ. ಬೀಟ್ ಸೇಬರ್ ಇದಕ್ಕೆ ತಕ್ಕದ್ದು: ಸಂಗೀತದ ತಾಳಕ್ಕೆ ಎದುರಿನಿಂದ ಬರುವ ಪೆಟ್ಟಿಗೆಗಳನ್ನು ಎರಡು ಕತ್ತಿಗಳಿಂದ ಸೀಳುವ, 2018ರಲ್ಲಿ ಮೊದಲು ಬಂದ ಈ ಆಟವನ್ನು ಒಮ್ಮೆ ಕೊಂಡು ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಆಡಬಹುದು. ಅಡ್ಡ ಬರುವ ಗೋಡೆಗಳಿಂದ ತಪ್ಪಿಸಿಕೊಳ್ಳಲು ಕುಕ್ಕರಿಸಬೇಕಾಗುತ್ತದೆ; ಮೊಣಕಾಲು ನೋವಿದ್ದವರು ಗೋಡೆಗಳನ್ನು ತೆಗೆದುಹಾಕುವ ಆಯ್ಕೆಯನ್ನು ಬಳಸಿ. ನೀವು ನಿಂತಿದ್ದು ಎದುರಿನ ಲೋಕ ಮಾತ್ರ ಓಡುವ ಆಟಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ನಿಂತಿದ್ದೇನೆ ಎನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂರುವವರು ಇನ್ನಷ್ಟು ಎಚ್ಚರವಾಗಿರಬೇಕು. ವಾಕರಿಕೆ ಶುರುವಾದರೆ ಸಹಿಸಿಕೊಂಡು ಮುಂದುವರಿದು ಅಭ್ಯಾಸ ಮಾಡಿಕೊಳ್ಳುತ್ತೇನೆ ಎನ್ನಬೇಡಿ, ಆ ಕ್ಷಣವೇ ತೆಗೆಯಿರಿ. ತಡೆದುಕೊಂಡಷ್ಟೂ ಮರುದಿನ ಬೇಗ ಬರುತ್ತದೆ. ಆಟ ಮುಗಿದು ತಲೆ ಪೂರ್ತಿ ತಿಳಿಯಾಗುವವರೆಗೆ ಸ್ಕೂಟರು, ಜೀಪು ಮುಟ್ಟಬೇಡಿ. ಇಲ್ಲಿನ ರಸ್ತೆಗಳಲ್ಲಿ ಇದು ಸಣ್ಣ ಮಾತಲ್ಲ.

ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ಎರಡನೆಯ ವಾರ ಹದಿನೈದು. ನಂತರ ವಾರಕ್ಕೆ ಐದೈದು ನಿಮಿಷ ಏರಿಸುತ್ತ ಮೂವತ್ತಕ್ಕೆ ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ವಾರಕ್ಕೆ ಐದು ದಿನ, ದಿನಕ್ಕೆ ಮೂವತ್ತು ನಿಮಿಷ ಎಂದರೆ ಕೆಳಮಿತಿ ಮುಟ್ಟಿದಂತೆ.

ಶುರುವಿನ ಐದು ನಿಮಿಷ ಹೆಡ್‌ಸೆಟ್ ಇಲ್ಲದೆ ಮೈ ಬಿಸಿ ಮಾಡಿಕೊಳ್ಳಿ: ನಿಂತಲ್ಲೇ ನಡಿಗೆ, ಭುಜ ತಿರುಗಿಸುವುದು, ಪಾದದ ಗಂಟು, ಮಣಿಕಟ್ಟು. ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿಯ (ಹಂದಿಮಾಂಸದ ಸಾರಿನ) ಊಟವಾದ ಮೇಲೆ ಕನಿಷ್ಠ ಎರಡು ಗಂಟೆ ಬಿಡಿ.

ಬಾಕ್ಸಿಂಗ್ ಆಟಗಳು, ಮುಖ್ಯವಾಗಿ ದಿ ಥ್ರಿಲ್ ಆಫ್ ದಿ ಫೈಟ್, ಉಸಿರು ಹತ್ತಿಸುವುದರಲ್ಲಿ ಎಲ್ಲಕ್ಕಿಂತ ಮುಂದು. ಭುಜವನ್ನು ಕೆಡಿಸುವುದರಲ್ಲಿಯೂ ಮುಂದೆ ಇರಬಲ್ಲವು. ನಿಜವಾದ ಗುದ್ದಿಗೆ ಚೀಲವೋ ಎದುರಾಳಿಯೋ ತಡೆ ಕೊಡುತ್ತದೆ. ಇಲ್ಲಿ ಗುದ್ದು ಗಾಳಿಗೆ ಹೋಗುತ್ತದೆ, ತಡೆಯುವ ಭಾರವೆಲ್ಲ ಮೊಣಕೈ ಮತ್ತು ಭುಜದ ಕೀಲಿಗೆ ಬೀಳುತ್ತದೆ. ಆದ್ದರಿಂದ ತೋಳು ಪೂರ್ತಿ ನೆಟ್ಟಗಾಗುವ ಮೊದಲೇ ಹಿಂದಕ್ಕೆಳೆಯಿರಿ, ಬಲವನ್ನು ಸೊಂಟ ತಿರುಗಿಸಿ ತನ್ನಿ, ಬಗ್ಗುವಾಗ ಬೆನ್ನಲ್ಲ, ಮಂಡಿ ಮಡಿಸಿ. ಟೇಬಲ್ ಟೆನ್ನಿಸ್ ಇಷ್ಟಪಡುವವರಿಗೆ ಇಲೆವನ್ ಟೇಬಲ್ ಟೆನ್ನಿಸ್ ಇದೆ. ಅಲ್ಲಿ ಎದುರಿಗೆ ಕಾಣುವ ಮೇಜು ಇಲ್ಲದ ಮೇಜು ಎಂಬುದನ್ನು ಮರೆತು ಸುಸ್ತಾದಾಗ ಅದಕ್ಕೆ ಕೈಯೂರಲು ಹೋಗಿ ಮುಗ್ಗರಿಸಿದವರಿದ್ದಾರೆ.

ತಿಂಗಳ ಚಂದಾ ಕಟ್ಟುವ ತರಗತಿಗಳಿಗೆ ಇಂಟರ್‌ನೆಟ್ ಬೇಕು, ಕೆಲವು ನಮ್ಮ ದೇಶದ ಖಾತೆಗೆ ಸಿಗುವುದೂ ಇಲ್ಲ. ಮೊದಲು ಉಚಿತ ಅವಧಿಯಲ್ಲಿ ನೋಡಿ.

ಶ್ರಮ ಅಳೆಯುವುದು

ಹೆಡ್‌ಸೆಟ್ ತೋರಿಸುವ ಕ್ಯಾಲೊರಿಯ ಅಂಕಿಯನ್ನು ನೆಚ್ಚಬೇಡಿ. ನೀವು ನಮೂದಿಸಿದ ಎತ್ತರ, ತೂಕ ಮತ್ತು ತಲೆ, ಕೈಗಳ ಚಲನೆಯಿಂದ ಅದು ಅಂದಾಜು ಮಾಡುತ್ತದೆ. ಕಾಲು ಎಷ್ಟು ದುಡಿಯಿತು ಎಂಬುದು ಅದಕ್ಕೆ ಕಾಣದು. ಮಾತಿನ ಪರೀಕ್ಷೆ ಇದಕ್ಕಿಂತ ಉಪಯುಕ್ತ: ಆಡುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದು ಮಧ್ಯಮ ಶ್ರಮ. ನಾಡಿ ಅಳೆಯುವ ಕೈಗಡಿಯಾರ ಇದ್ದರೆ, 220ರಿಂದ ವಯಸ್ಸನ್ನು ಕಳೆದು ಬಂದುದರ ಶೇ 64ರಿಂದ 76ರ ನಡುವೆ ಇರಲಿ. 45 ವರ್ಷದವರಿಗೆ ಅದು ನಿಮಿಷಕ್ಕೆ 112ರಿಂದ 133. ರಕ್ತದೊತ್ತಡಕ್ಕೆ ನಾಡಿಬಡಿತ ಇಳಿಸುವ ಮಾತ್ರೆ ನುಂಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರು ಮಾತಿನ ಪರೀಕ್ಷೆಯನ್ನೇ ನಂಬಲಿ. ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಇಳಿದರೆ ಆಟ ಅಲ್ಲಿಗೆ ಬಿಟ್ಟು ಆಸ್ಪತ್ರೆಗೆ ಹೊರಡಿ.

ವಿಆರ್ ಆಟಗಳು ಹೆಚ್ಚಾಗಿ ತೋಳಿಗೆ, ಹೃದಯಕ್ಕೆ ಕೆಲಸ ಕೊಡುತ್ತವೆ. ತೊಡೆ, ಪೃಷ್ಠ, ಬೆನ್ನಿನ ಸ್ನಾಯುಗಳಿಗೆ ಕೊಡುವುದು ಕಡಿಮೆ. ಏರುತಗ್ಗಿನ ಊರಿನಲ್ಲಿ ಬದುಕುವವರಿಗೆ ಬೇಕಾದದ್ದು ಅವೇ. ವಾರಕ್ಕೆ ಎರಡು ದಿನ ಹೆಡ್‌ಸೆಟ್ ಬದಿಗಿಟ್ಟು ಬಸ್ಕಿ, ಮೆಟ್ಟಿಲು ಹತ್ತಿಳಿಯುವುದು, ಗೋಡೆಗೆ ಕೈಯೂರಿ ದಂಡ ಮಾಡಿ. ಮಳೆ ಬಿಟ್ಟ ದಿನ ಹೊರಗೆ ನಡೆಯಿರಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಹತ್ತುವ ಕಾಲಿನ ಶಕ್ತಿಯನ್ನು ಯಾವ ಹೆಡ್‌ಸೆಟ್ಟೂ ಕೊಡದು.

ಮನೆಯ ಹಿರಿಯರಿಗೆ

ಅಜ್ಜ ಅಜ್ಜಿಗೆ ಹಾಕಿಸುವುದಾದರೆ ಚಕ್ರವಿಲ್ಲದ, ಎರಡೂ ಬದಿಗೆ ಕೈ ಇಡುವ ಆಸರೆ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಗಡಿಯನ್ನು ಕೂತು ಆಡುವ ವಿಧಾನಕ್ಕೆ ಇಟ್ಟು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಹೊರಗಿನ ಕ್ಯಾಮೆರಾದಿಂದ ಕೋಣೆಯೇ ಕಾಣುತ್ತ, ಅದರ ಮೇಲೆ ಆಟ ಮೂಡುವ ವಿಧಾನ ಇವರಿಗೆ ಹಿತ. ಚಿತ್ರವನ್ನು ಮೊಬೈಲಿಗೂ ಹಾಯಿಸಿಕೊಂಡರೆ ಅವರಿಗೆ ಏನು ಕಾಣುತ್ತಿದೆ ಎಂದು ನೋಡುತ್ತ ಹೇಳಿಕೊಡಬಹುದು. ನಿಂತಾಗ ತೂಗಾಡುವವರಿಗೆ ಕೂತು ಕೂಡ ಐದು ನಿಮಿಷಕ್ಕಿಂತ ಹೆಚ್ಚು ಬೇಡ.

ಬೆವರು, ಬೂಷ್ಟು, ಶುಚಿ

ಕೊಡಗಿನಲ್ಲಿ ಹೆಡ್‌ಸೆಟ್ ಹಾಳಾಗುವುದು ಬಿದ್ದು ಒಡೆಯುವುದಕ್ಕಿಂತ ಹೆಚ್ಚಾಗಿ ತೇವದಿಂದ. ಮಳೆಗಾಲದಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಕ್ಯಾಮೆರಾ ಲೆನ್ಸು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿದು. ಬೆವರು ಹೀರಿದ ಸ್ಪಂಜಿಗೆ ಬಿಟ್ಟೀತೇ? ಹೆಡ್‌ಸೆಟ್ಟಿನಲ್ಲಿ ಮುಖಕ್ಕೆ ತಾಗುವ ಬಟ್ಟೆಯ ಭಾಗದ ಮೇಲೆ ಸಿಲಿಕೋನ್ ಹೊದಿಕೆ ಹಾಕಿ. ಪ್ರತಿ ಆಟದ ನಂತರ ಅದನ್ನು ತೆಗೆದು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಣೆಗೆ ಬೆವರುಪಟ್ಟಿ ಕಟ್ಟಿಕೊಳ್ಳಿ. ಲೆನ್ಸನ್ನು ಒಣಗಿದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಗೆ ವೃತ್ತಾಕಾರವಾಗಿ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್, ಕನ್ನಡಕದ ದ್ರಾವಣ ಯಾವುದೂ ಬೇಡ, ಲೆನ್ಸಿನ ಲೇಪ ಹೋಗುತ್ತದೆ. ಟೈಪ್-ಸಿ ಕಿಂಡಿಗೆ ಬೆವರು ಇಳಿದಿದ್ದರೆ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

ಇಡುವುದಕ್ಕೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರ್. ತೇವಾಂಶ ಶೇ 40ರಿಂದ 50ರಲ್ಲಿ ನಿಂತರೆ ಬೂಷ್ಟಿನ ಭಯವಿಲ್ಲ. ಆದರೆ ಆಟ ಮುಗಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ. ಬೆವರನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಒಂದು ಗಂಟೆ ಫ್ಯಾನಿನ ಗಾಳಿಗೆ ಇಟ್ಟು ನಂತರ ಮುಚ್ಚಿ. ಜೆಲ್‌ನ ಬಣ್ಣ ಬದಲಾದರೆ ಹೊಸದು ಹಾಕಿ, ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಮಳೆಗಾಲದಲ್ಲಿ ಬಟ್ಟೆಗೆಂದು ಬಲ್ಬು ಉರಿಸಿಡುವ ಕಪಾಟು ಹೆಡ್‌ಸೆಟ್ಟಿಗೆ ಒಳ್ಳೆಯ ಜಾಗವಲ್ಲ, ಬ್ಯಾಟರಿಗೆ ಬಿಡದ ಬಿಸಿ ಆಗದು.

ಮನೆಯಲ್ಲಿ ಇಬ್ಬರು ಬಳಸುವುದಾದರೆ ಮುಖದ ಹೊದಿಕೆ ಇಬ್ಬರಿಗೂ ಬೇರೆ ಬೇರೆ ಇರಲಿ. ಮಳೆಗಾಲದಲ್ಲಿ ಕೆಂಗಣ್ಣು ಮನೆಯಿಂದ ಮನೆಗೆ ಹಬ್ಬುತ್ತದೆ; ಒಬ್ಬರಿಗೆ ಬಂದರೆ ವಾಸಿಯಾಗುವವರೆಗೆ ಹೆಡ್‌ಸೆಟ್ ಯಾರೂ ಹಾಕುವುದು ಬೇಡ.

ಕಾಫಿ ಕೊಯ್ಲು ಶುರುವಾದ ಮೇಲೆ ತೋಟದ ಮನೆಗಳಲ್ಲಿ ಯಾರಿಗೂ ಇದಕ್ಕೆ ಪುರುಸೊತ್ತಿರುವುದಿಲ್ಲ. ತಿಂಗಳುಗಟ್ಟಲೆ ಎತ್ತಿಡುವ ಮೊದಲು ಬ್ಯಾಟರಿಯನ್ನು ಅರ್ಧದಷ್ಟಕ್ಕೆ ತಂದು ಪೂರ್ತಿ ಆಫ್ ಮಾಡಿ. ತುಂಬಿಸಿಯೂ ಇಡಬೇಡಿ, ಬರಿದು ಮಾಡಿಯೂ ಇಡಬೇಡಿ. ಕಂಟ್ರೋಲರಿನೊಳಗಿನ ಸೆಲ್‌ಗಳನ್ನು ಹೊರತೆಗೆಯಿರಿ, ಸೋರಿದರೆ ಕಂಟ್ರೋಲರ್ ಹೋದಂತೆಯೇ. ತಿಂಗಳಿಗೊಮ್ಮೆ ಡಬ್ಬಿ ತೆರೆದು ಮೀಟರ್ ನೋಡಿ, ಚಾರ್ಜ್ ಇಳಿದಿದ್ದರೆ ಅರ್ಧಕ್ಕೆ ಏರಿಸಿ ಮತ್ತೆ ಮುಚ್ಚಿಡಿ.